ಫಲಿತಾಂಶದ ದಿನ ಸಾಹೇಬರ ಭಾವಚಿತ್ರ

ಫಲಿತಾಂಶದ ದಿನ ವಿಶ್ವವಿದ್ಯಾಲಯದ ಸರ್ವರ್ ಬೆಳಿಗ್ಗೆಯಿಂದ ಐದು ಸಲ ಬಿದ್ದಿತ್ತು. ಜಾಲತಾಣದ ಮುಖಪುಟದಲ್ಲಿ ನಿರ್ದೇಶಕ ಪಟ್ಟಣಶೆಟ್ಟಿ ಸಾಹೇಬರ ಆಳೆತ್ತರದ ಭಾವಚಿತ್ರ. ಅಂಕ ನೋಡಲು ಬಂದ ಪ್ರತಿಯೊಬ್ಬರಿಗೂ ಸರ್ವರ್ ಮೊದಲು ಅದನ್ನೇ ಹೊತ್ತು ತರಬೇಕು; ಆ ಭಾರಕ್ಕೇ ಬೀಳುತ್ತಿತ್ತು. ಜಾಲತಾಣ ನೋಡಿಕೊಳ್ಳುವ ಗುಮಾಸ್ತೆ ಇದನ್ನು ಸಾಹೇಬರಿಗೆ ಎರಡು ಸಲ ಬರೆದು ತಿಳಿಸಿದ್ದಳು.

"ನನ್ನ ಫೋಟೋ ಮುಟ್ಟೀರಿ, ಜೋಕೆ! ಹನ್ನೆರಡರೊಳಗ ಸರಿ ಆಗಲಿಲ್ಲಂದ್ರ ನಿಮ್ಮನ್ನ ಸಸ್ಪೆಂಡ್ ಮಾಡ್ತೀನಿ," ಎಂದರು ಸಾಹೇಬರು.

"ಮುಟ್ಟಂಗಿಲ್ರಿ ಸರ್. ಅದರ ಕೆಳಗ 'ಇವರ ನೇರ ಉಸ್ತುವಾರಿಯಲ್ಲಿ' ಅಂತ ಬರದು ನಿಮ್ಮ ಮೊಬೈಲ್ ನಂಬರ್ ಹಾಕಲ್ರಿ?"

ಸಾಹೇಬರ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. "ದೊಡ್ಡ ಅಕ್ಷರದಾಗ ಹಾಕ್ರಿ!"

ಹಾಕಿದಳು. ಹತ್ತು ನಿಮಿಷಕ್ಕೆ ಸರ್ವರ್ ಮತ್ತೆ ಬಿತ್ತು. ಜನರ ಮುಂದೆ ಆಗಲೇ ತೆರೆದುಕೊಂಡಿದ್ದ ಮುಖಪುಟದಲ್ಲಿ ಅಂಕವಿಲ್ಲ, ಸಾಹೇಬರ ನಗುಮುಖ ಮತ್ತು ನಂಬರ್ ಮಾತ್ರ ಉಳಿದವು. ಜಿಲ್ಲೆಯ ತಂದೆತಾಯಿಗಳೆಲ್ಲ ಫೋನ್ ಹಚ್ಚಿದರು. ಒಬ್ಬಾಕೆ, "ಹಲ್ಲು ಕಿಸ್ಕೊಂಡು ನಿಂತೀರಲ್ಲ, ನಾಚಿಕಿ ಬರಂಗಿಲ್ಲೇನು?" ಎಂದು ಕೇಳಿದಳು.

ಸಾಹೇಬರು ಓಡಿ ಬಂದರು. "ನಂಬರ್ ತಗೀರಿ! ಫೋಟೋನೂ ತಗೀರಿ!"

"ಆರ್ಡರ್ ಬೇಕ್ರಿ ಸರ್," ಎಂದು ಗುಮಾಸ್ತೆ ಟೈಪ್ ಮಾಡಿಟ್ಟಿದ್ದ ಹಾಳೆಯನ್ನು ಮುಂದಿಟ್ಟಳು. ಫೋನ್ ಕಿವಿಗೆ ಹಿಡಿದೇ ಸಾಹೇಬರು ಓದದೆ ಸಹಿ ಗೀಚಿದರು. ಫೋಟೋ ಹೋಯಿತು, ಸರ್ವರ್ ಎದ್ದು ನಿಂತಿತು.

ಸಂಜೆ ಕುಲಪತಿಗಳ ಮೇಜಿಗೆ ಹೋದ ಆ ಆದೇಶದಲ್ಲಿ ಒಂದೇ ಸಾಲಿತ್ತು: "ಸರ್ವರ್ ಪದೇ ಪದೇ ಬೀಳಲು ಕಾರಣವಾದ ನನ್ನ ಭಾವಚಿತ್ರವನ್ನು ಕೂಡಲೇ ತೆಗೆಯತಕ್ಕದ್ದು."