ನೀಲಕಂಠ ಕೊಂಡ ಲಿಂಕುಗಳು

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಮಡಿವಾಳಯ್ಯ ಗುರುಗಳು ತಬಲಾ ಕಲಿಸುತ್ತಿದ್ದರು. ಅವರ ಕೈಯಲ್ಲಿ ಪಳಗಿದ ನೀಲಕಂಠ ಆಚೆ ದಂಡೆಯಲ್ಲಿ ತನ್ನದೇ ಶಾಲೆ ತೆರೆದಿದ್ದ. ಈಗ ಅದು ಮುಚ್ಚುವ ಹಂತಕ್ಕೆ ಬಂದಿತ್ತು.

ಒಂದು ಬೆಳಿಗ್ಗೆ ಅವನು ಮುಖ ಸಪ್ಪಗೆ ಮಾಡಿಕೊಂಡು ಗುರುಗಳ ಮುಂದೆ ಬಂದು ಕೂತ. ಇತ್ತೀಚೆಗೆ ಅವನಿಗೆ ಕಂಡವರ ಮೇಲೆಲ್ಲ ಗುಮಾನಿ.

ನಡೆದದ್ದಿಷ್ಟು. ಶಾಲೆಗೊಂದು ವೆಬ್‌ಸೈಟ್ ಮಾಡಿಸಿದ್ದ. ಜನ ಫೋನಿನಲ್ಲಿ ತಬಲಾ ಶಾಲೆ ಎಂದು ಹುಡುಕಿದರೆ ಅವನ ಹೆಸರು ಎಲ್ಲೋ ತಳದಲ್ಲಿ ಬಿದ್ದಿರುತ್ತಿತ್ತು. ಅವನತ್ತ ಬೆರಳು ತೋರಿಸುವ ಲಿಂಕು ಇದ್ದದ್ದು ಒಂದೇ, ಆಶ್ರಮದ ವೆಬ್‌ಸೈಟಿನಲ್ಲಿ. ಅದನ್ನು ಗುರುಗಳು ತಾವಾಗಿಯೇ ಹೇಳಿ ಹಾಕಿಸಿದ್ದರು.

ಅಷ್ಟರಲ್ಲಿ ಏಜೆಂಟನೊಬ್ಬ ಗಂಟುಬಿದ್ದ. ನಾಲ್ಕು ಕಡೆಯಿಂದ ಲಿಂಕು ಬಂದರೆ ಇವನು ದೊಡ್ಡವನೇ ಇರಬೇಕೆಂದು ಹುಡುಕುವ ಯಂತ್ರ ನಂಬುತ್ತದೆ, ದುಡ್ಡು ಕೊಡಿ, ನಾನು ಹಾಕಿಸುತ್ತೇನೆ ಎಂದ. ನೀಲಕಂಠ ಕೊಟ್ಟ. ಹೆಸರು ಸರಸರನೆ ಮೇಲೇರಿತು. ಆಮೇಲೊಂದು ದಿನ ನೋಡಿದರೆ ಹೆಸರಿನ ಪತ್ತೆಯೇ ಇಲ್ಲ.

ಏಜೆಂಟ್ ಇನ್ನಷ್ಟು ದುಡ್ಡು ಕೇಳುತ್ತಿದ್ದ. ಅವನೇ ಕೈಕೊಟ್ಟನೋ, ಊರಿನ ಇನ್ನೊಬ್ಬ ತಬಲಾ ಮಾಸ್ತರ ಕಿತಾಪತಿ ಮಾಡಿದನೋ, ನೀಲಕಂಠನಿಗೆ ತಿಳಿಯದು.

“ಗುರುಗಳ, ರೊಕ್ಕ ಕೊಟ್ಟಿದ್ದು ಛಲೋ ಆತೋ, ಕೆಟ್ಟದ್ದಾತೋ? ನೀವ ಹೇಳ್ರಿ.”

ಯಾರ್ಯಾರು ಲಿಂಕು ಹಾಕಿದ್ದಾರೆಂದು ಗುರುಗಳು ಕೇಳಿದರು. ನೀಲಕಂಠ ಫೋನು ತೆಗೆದು ತೋರಿಸಿದ. ಕೂದಲಿನ ಎಣ್ಣೆ ಮಾರುವವರು, ಬೋರ್‌ವೆಲ್ ಪಂಪು ರಿಪೇರಿಯವರು, ಇಸ್ಪೀಟು ಆಡಿಸುವವರು.

“ಇವರು ನಿನ್ನ ತಬಲಾ ಕೇಳ್ಯಾರೇನು?”

“ಇಲ್ರಿ.”

“ಹಂಗಾರ ಏನು ನೋಡಿ ಹಾಕ್ಯಾರ?”

ನೀಲಕಂಠ ಫೋನನ್ನು ಜೇಬಿಗೆ ತುರುಕಿಕೊಂಡ.

ಆಗಲೇ ಒಬ್ಬಾತ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಪೇಟೆಯ ಬಟ್ಟೆ ವ್ಯಾಪಾರಿ. ನೀಲಕಂಠನ ಮುಖಪರಿಚಯ ಅವನಿಗಿರಲಿಲ್ಲ. ಮಗಳನ್ನು ತಬಲಾ ಕಲಿಯಲು ಸೇರಿಸಬೇಕು, ಆಚೆ ದಂಡೆಯ ನೀಲಕಂಠ ಮಾಸ್ತರರನ್ನು ಎಣ್ಣೆಯವರು, ಇಸ್ಪೀಟಿನವರೆಲ್ಲ ಲಿಂಕು ಹಾಕಿ ಹೊಗಳಿದ್ದು ನೋಡಿ ತಲೆ ಕೆಟ್ಟುಹೋಗಿದೆ, ತಾವೂ ಅವರ ಲಿಂಕು ಹಾಕಿದ್ದೀರಿ, ಅದಕ್ಕೇ ಕೇಳಿಕೊಂಡು ಹೋಗಲು ಬಂದೆ ಎಂದ.

ನೀಲಕಂಠ ಕೂತಲ್ಲೇ ಗುರುಗಳತ್ತ ತಿರುಗಿದ. ಗುರುಗಳ ಒಂದು ಮಾತು ಸಾಕಿತ್ತು. ಈ ವ್ಯಾಪಾರಿ ಒಪ್ಪಿದರೆ ಪೇಟೆಯ ಮಕ್ಕಳೆಲ್ಲ ಬರುತ್ತಿದ್ದರು, ಶಾಲೆ ಉಳಿಯುತ್ತಿತ್ತು.

“ಛಲೋ ಕಲಿಸ್ತಾನ,” ಎಂದರು ಗುರುಗಳು. “ನನ್ನ ಹತ್ರನ ಕಲ್ತಾನ. ಲಯ ಪಕ್ಕಾ ಐತಿ.”

ವ್ಯಾಪಾರಿ ಗುರುಗಳ ಮುಖ ನೋಡಿದ, ನೆಲ ನೋಡಿದ, ತಲೆ ಕೆರೆದುಕೊಂಡ.

“ತಪ್ಪು ತಿಳ್ಕೋಬ್ಯಾಡ್ರಿ ಅಜ್ಜಾರ. ಆ ಮಾಸ್ತರು ನಿಮಗೆಷ್ಟು ರೊಕ್ಕ ಕೊಟ್ಟಾರ್ರಿ?”

ಗುರುಗಳು ಸಿಟ್ಟಾಗಲಿಲ್ಲ. ಏನೂ ಕೊಟ್ಟಿಲ್ಲ ಎಂದರು. ಅವನು ಹೌದೌದು ಎನ್ನುತ್ತ ಕೈಮುಗಿದು ಎದ್ದ. ನಂಬಲಿಲ್ಲವೆಂಬುದು ಚಪ್ಪಲಿ ಮೆಟ್ಟುವ ಅವಸರದಲ್ಲೇ ಕಾಣುತ್ತಿತ್ತು.

ನೀಲಕಂಠನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮೆಲ್ಲಗೆ ಬಾಯಿಬಿಟ್ಟ.

“ಎಲ್ಲಾ ಲಿಂಕು ತೆಗೆಸಿಬಿಡ್ತೀನ್ರಿ. ಹೆಸರು ಮತ್ತ ಮ್ಯಾಲೆ ಬರತೈತೇನ್ರಿ?”

“ಆ ಯಂತ್ರದ ವಿಚಾರ ನನಗ ಗೊತ್ತಿಲ್ಲಪ್ಪ,” ಎಂದರು ಗುರುಗಳು. “ಆದ್ರ ಎಷ್ಟು ತಗೊಂಡೀರಿ ಅಂತ ಇವತ್ತಿನ ತನಕ ನನ್ನನ್ನ ಯಾರೂ ಕೇಳಿರಲಿಲ್ಲ.”