ಮುನಿಸಿನ ಬಂಡೆ

ಕೊಳ್ಳೇಗಾಲದಿಂದ ಮೂಡಲ ಬೆಟ್ಟಗಳ ಕಡೆಗೆ ಹೋಗುವ ದಾರಿಯಲ್ಲಿ ಕಗ್ಗಲಿದೊಡ್ಡಿ ಎಂಬ ಕ್ರೈಸ್ತರ ಊರಿದೆ. ಅವರು ದೇವಾಲಯ ಎನ್ನುವ ಚರ್ಚಿನ ಎದುರಿಗೇ ಒಂದು ಬೋಳುಗುಡ್ಡ. ಅದರ ನೆತ್ತಿಯ ಮೇಲೆ ಕರಿಬಂಡೆ. ಅದಕ್ಕೆ ಯಾವ ಸಂತರ ಹೆಸರನ್ನೂ ಇಟ್ಟಿಲ್ಲ. ಮುನಿಸಿನ ಬಂಡೆ ಎಂದೇ ಕರೆಯುತ್ತಾರೆ.

ಹಿಂದೆ, ಪ್ಲೇಗಿನ ಕಾಲಕ್ಕೂ ಮುಂಚಿನಿಂದ, ಜ್ಞಾನಮ್ಮ ಎಂಬವಳು ಆ ದೇವಾಲಯದ ಕಸ ಗುಡಿಸುತ್ತಿದ್ದಳು. ಯೇಸುಸ್ವಾಮಿ ನಮ್ಮನ್ನು ಆಳುಗಳೆಂದು ಕಾಣುವುದಿಲ್ಲ, ಗೆಳೆಯರೆಂದೇ ಕಾಣುತ್ತಾನೆ ಎಂದು ಗುರುಗಳಾದ ಅರುಳಪ್ಪ ಸ್ವಾಮಿಗಳು ಬೋಧಿಸಿದ್ದನ್ನು ಅವಳು ಅಕ್ಷರಶಃ ನಂಬಿದ್ದಳು. ಗುಡಿಸುತ್ತಲೇ ಗಂಡನ ಕೆಮ್ಮು, ಮಗಳ ತುಂಟತನ, ಎಲ್ಲವನ್ನೂ ಆ ಗೆಳೆಯನಿಗೆ ಹೇಳಿಕೊಂಡು ನಗುತ್ತಿದ್ದಳಂತೆ. ಪ್ಲೇಗು ಬಂದಾಗ ಊರವರು ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅಲ್ಲಿಯೇ ಅವಳ ಗಂಡ ಇನ್ನಾಸಪ್ಪ ತೀರಿಕೊಂಡ. ಮಗಳು ಲೂರ್ದಿಗೂ ಜ್ವರ ಏರಿತು. "ಇವಳೊಬ್ಬಳನ್ನ ಬಿಟ್ಟುಬಿಡು, ಇನ್ನೇನೂ ಕೇಳಲ್ಲ" ಎಂದು ಜ್ಞಾನಮ್ಮ ಬೇಡಿಕೊಂಡಳು. ಮಗು ಉಳಿಯಲಿಲ್ಲ. ಮಣ್ಣು ಮಾಡಿ ಬಂದವಳು ದೇವಾಲಯದ ಹೊಸ್ತಿಲು ತುಳಿಯದೆ ಗುಡ್ಡ ಹತ್ತಿ, ದೇವಾಲಯಕ್ಕೆ ಬೆನ್ನು ಹಾಕಿ ಆ ಬಂಡೆಯ ಮೇಲೆ ಕೂತಳು. ಮರುದಿನವೂ ಅಲ್ಲಿಗೇ ಬಂದಳು. ಹೀಗೆ ವರ್ಷಗಳು ಕಳೆದವು.

ಊರವರು ಗೊಣಗಿದಾಗ ಅರುಳಪ್ಪ ಸ್ವಾಮಿಗಳು ಗುಡ್ಡ ಹತ್ತಿದರು. "ದೇವರ ಮೇಲೆ ಮುನಿಸು ಬೇಡಮ್ಮ. ಇಳಿದು ಬಾ, ಕ್ಷಮೆ ಕೇಳು" ಎಂದರು.

"ಯಜಮಾನನಾಗಿದ್ರೆ ತಲೆ ಬಗ್ಗಿಸಿಕೊಂಡು ಇರ್ತಿದ್ದೆ ಸ್ವಾಮಿ. ಗೆಳೆಯ ಅಂತ ನೀವೇ ಹೇಳಿಕೊಟ್ರಿ. ಗೆಳೆಯನ ಮೇಲಲ್ದೆ ಇನ್ಯಾರ ಮೇಲೆ ಮುನಿಸಿಕೊಳ್ಳಲಿ? ಅವನೇ ಬಂದು ಮಾತಾಡಿಸಲಿ."

ಸ್ವಾಮಿಗಳು ಒಬ್ಬರೇ ಗುಡ್ಡ ಇಳಿದರು. ಅಂದಿನಿಂದ ಸಂಜೆಯ ಹೊತ್ತು ತಾವೂ ಹೋಗಿ ಸ್ವಲ್ಪ ದೂರದಲ್ಲಿ ಸುಮ್ಮನೆ ಕೂತು ಬರುತ್ತಿದ್ದರು. ಒಂದು ಚಳಿಗಾಲದಲ್ಲಿ ಜ್ಞಾನಮ್ಮ ಸೊರಗಿ, ಬಂಡೆಯಿಂದ ಏಳಲಾಗದೆ ಮಲಗಿಬಿಟ್ಟಳು. ಸ್ವಾಮಿಗಳು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಮಾತಾಡಿಸಿದನೇನಮ್ಮ?" ಎಂದು ಕೇಳಿದರು.

"ಇಲ್ಲ ಸ್ವಾಮಿ. ಇನ್ನೂ ಮಾತಾಡಿಸಿಲ್ಲ" ಎಂದಳು. ಉಸಿರು ಎಳೆದುಕೊಂಡು, "ಆದ್ರೆ ಪಕ್ಕದಿಂದ ಎದ್ದೂ ಹೋಗಿಲ್ಲ" ಎಂದಳು. ಅದೇ ಅವಳ ಕೊನೆಯ ಮಾತು ಎನ್ನುತ್ತಾರೆ. ದೇವಾಲಯಕ್ಕೆ ಬೆನ್ನು ಹಾಕಿದವಳಿಗೆ ಸ್ಮಶಾನದ ಮಂತ್ರಿಸಿದ ಮಣ್ಣು ಸಲ್ಲದೆಂದು ಹಿರಿಯರು ಹಟ ಹಿಡಿದರು. ಸ್ವಾಮಿಗಳು ಯಾರ ಮಾತಿಗೂ ಕಿವಿಗೊಡದೆ ತಾವೇ ಗುದ್ದಲಿ ಹಿಡಿದು, ಲೂರ್ದಿಯ ಮಗ್ಗುಲಲ್ಲೇ ಅವಳನ್ನು ಮಣ್ಣು ಮಾಡಿದರು.

ಇಂದಿಗೂ ಮಕ್ಕಳನ್ನು ಕಳೆದುಕೊಂಡವರು ಆ ಗುಡ್ಡ ಹತ್ತುತ್ತಾರೆ. ಅಲ್ಲಿ ಮೇಣದಬತ್ತಿ ಹಚ್ಚುವವರಿಲ್ಲ, ಹರಕೆ ಹೊರುವವರಿಲ್ಲ. ಕೆಲವರು ಬೈಯುತ್ತಾರೆ, ಹೆಚ್ಚಿನವರು ಬಾಯಿ ಬಿಡುವುದೇ ಇಲ್ಲ. ಆದರೆ ಬಂಡೆಯ ನಡುವೆ ಯಾರೂ ಕೂರುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರಿಗಾಗುವಷ್ಟು ಜಾಗ ಬಿಟ್ಟು ಕೂರುತ್ತಾರೆ.