ಓಣಿಯ ರಾತ್ರಿಯನ್ನು ಭಿಕ್ಷೆ ಬೇಡಿದ ಅಜ್ಜನವರು

ಪರಮಪೂಜ್ಯ ಶ್ರೀ ಚರಂತಯ್ಯ ಅಜ್ಜನವರಿಗೆ ದೊಡ್ಡ ಮಠವಿರಲಿಲ್ಲ. ಘಟಪ್ರಭೆಯ ಸೀಮೆಯ ನಮ್ಮ ನೇಕಾರರ ಊರಿನ ಹೊರಗೆ ಹಂಚಿನ ಎರಡು ಕೋಣೆ, ಮುಂದೊಂದು ಬೇವಿನ ಮರ, ಕೂರಲು ಗೋಣಿತಟ್ಟು, ಇಷ್ಟೇ ಅವರ ಆಶ್ರಮ, ಇಷ್ಟೇ ಸಂಪತ್ತು. ಭಕ್ತಿಯಿಂದ ಬಂದವರಿಗೆ ವಿಭೂತಿ ಕೊಡುತ್ತಿದ್ದರು, ಜ್ವರವೆಂದು ಬಂದವರನ್ನು ಮೊದಲು ಡಾಕ್ಟರ ಬಳಿಗೆ ಅಟ್ಟುತ್ತಿದ್ದರು. ಪವಾಡ ನೋಡಲು ಬಂದವರಿಗೆ ಅಲ್ಲಿ ನಿರಾಸೆಯೇ ಗತಿ. ಆದರೂ ಅವರ ಹೆಸರೆತ್ತಿದರೆ ನಮ್ಮ ಓಣಿಯ ಜನ ಇಂದಿಗೂ ಎದ್ದು ನಿಂತು ಕೈಮುಗಿಯುತ್ತೇವೆ. ಯಾಕೆಂದು ಹೇಳುತ್ತೇನೆ, ಕೇಳಿ.

ಓಣಿಯ ದುಂಡಪ್ಪನ ಮನೆಯ ಮುಂಭಾಗವೆಲ್ಲ ಕರೆಂಟಿನ ಮಗ್ಗಗಳು, ನಡುಗೋಡೆಯ ಹಿಂದೆ ಸಂಸಾರ. ಹಗಲು ಪಾಳಿ, ರಾತ್ರಿ ಪಾಳಿ ಎಂದು ಮಗ್ಗಗಳು ಬಡಿಯುತ್ತಲೇ ಇರುತ್ತಿದ್ದವು. ಅವನ ಮನೆಯೊಂದೇ ಅಲ್ಲ, ಇಡೀ ಓಣಿಯೇ ಹಾಗೆ. ಅವನ ಹೆಂಡತಿ ಕಾಶವ್ವ ಪಾಳಿಯವರಿಗೆ ಪಾತೇಲಿಗಟ್ಟಲೆ ಚಹಾ ಕಾಸುವಳು, ಉಳಿದದ್ದನ್ನು ಚೆಲ್ಲಲು ಮನಸ್ಸಾಗದೆ ತಾನೇ ಕುಡಿಯುವಳು. ನಿಂತಲ್ಲೇ ಎರಡು ತುತ್ತು ತಿಂದು, ಕೂತರೆ ನೂಲು ಸುತ್ತುತ್ತ ಧೂಳು ಕುಡಿಯುವಳು. ನಲವತ್ತು ತುಂಬುವ ಮೊದಲೇ ಸಕ್ಕರೆ ಕಾಯಿಲೆ ಬಂತು, ಬಿಪಿ ಬಂತು. ಆಮೇಲೆ ಮನಸ್ಸೂ ಕೆಟ್ಟಿತು. ಕಾರಣವಿಲ್ಲದೆ ಅಳು, ಮಕ್ಕಳ ಮೇಲೆ ಸಿಟ್ಟು, ಎದೆ ಡವಗುಟ್ಟುತ್ತದೆಂದು ಹಿತ್ತಿಲಿಗೆ ಓಟ. ಗಾಳಿ ಸೋಂಕಿದೆ ಎಂದರು ಕೆಲವರು, ಮಾಟ ಎಂದರು ಕೆಲವರು. ಊರಿನ ಬಾಯಿಗೆ ಬೀಗ ಹಾಕುವವರು ಯಾರು? ದುಂಡಪ್ಪ ತಾಯಿತ ಕಟ್ಟಿಸಿ ಕಟ್ಟಿಸಿ ಬೇಸತ್ತು, ಅವಳನ್ನು ತವರಿಗೆ ಕಳಿಸಿಬಿಡುವುದೆಂದು ನಿಶ್ಚಯಿಸಿದ. ಬಂದು ಕರೆದುಕೊಂಡು ಹೋಗಿರೆಂದು ಅವಳ ಅಣ್ಣ ಸಿದ್ರಾಮನಿಗೆ ಹೇಳಿಯೂ ಕಳಿಸಿದ. ಮಕ್ಕಳು ಮಾತ್ರ ಇಲ್ಲೇ ಇರಬೇಕಂತೆ. ಆ ಮಾತು ಕಿವಿಗೆ ಬಿದ್ದದ್ದೇ ಕಾಶವ್ವ ನೇರ ಅಜ್ಜನವರ ಪಾದಕ್ಕೆ ಹೋಗಿ ಬಿದ್ದಳು.

"ಅಜ್ಜಾರ, ನನಗ ಹುಚ್ಚು ಹಿಡದೈತೇನ್ರಿ?"

ಅಜ್ಜನವರು ಅವಳನ್ನು ಎಬ್ಬಿಸಿ ಕೂರಿಸಿದರು. "ನಿಮ್ಮ ಮನಿಗೆ ಬರ್ತೇನಿ ತಂಗೆವ್ವ. ಒಂದು ರಾತ್ರಿ ವಸ್ತಿ ಇರ್ತೇನಿ" ಎಂದರು.

ಅಜ್ಜನವರು ತಾವಾಗಿ ದಯಮಾಡಿಸುವುದೆಂದರೆ ಸಾಮಾನ್ಯ ಭಾಗ್ಯವೇ? ಓಣಿಯೆಲ್ಲ ಸಾರಿಸಿ ರಂಗೋಲಿ ಹಾಕಿದೆವು. ದುಂಡಪ್ಪನಿಗೆ ಮಾತ್ರ ಇಂಥದರಲ್ಲಿ ನಂಬಿಕೆ ಕಡಿಮೆ. ವಿಭೂತಿ ಹಚ್ಚಿ ಹೋಗಲಿ ಬಿಡು ಎಂದು ಗೊಣಗಿದ. ಗುಡಿಯಲ್ಲಿ ಹಾಸಿಗೆ ಹಾಸಿದೆ ಎಂದು ಹಿರಿಯರು ಬಿನ್ನವಿಸಿಕೊಂಡರೂ ಅಜ್ಜನವರು ಒಪ್ಪಲಿಲ್ಲ. ಕಾಶವ್ವನನ್ನೂ ಮಕ್ಕಳನ್ನೂ ಬೇರೆ ಕಡೆ ಮಲಗಲು ಕಳಿಸಿ, ಅವಳು ದಿನಾ ಮಲಗುವ ಜಾಗದಲ್ಲೇ, ಆ ಮಗ್ಗದ ಗೋಡೆಯ ಬುಡದಲ್ಲೇ ಪವಡಿಸಿದರು. ರಾತ್ರಿ ಪಾಳಿ ಎಂದಿನಂತೆ ನಡೆಯಿತು.

ಬೆಳಗಿನ ಲಿಂಗಪೂಜೆಗೆ ನಾವೆಲ್ಲ ಮಿಂದು ಬಂದು ಕೂತೆವು. ಅಜ್ಜನವರ ಪೂಜೆ ಎಂದರೆ ಕಣ್ಣಿಗೆ ಹಬ್ಬ. ಸುತ್ತ ಎಷ್ಟೇ ಗದ್ದಲವಿದ್ದರೂ ಅವರ ದೃಷ್ಟಿ ಅಂಗೈಯ ಲಿಂಗದಿಂದ ಕದಲಿದ್ದನ್ನು ಕಂಡವರಿಲ್ಲ. ಅಂದು ನಿದ್ದೆಗೆಟ್ಟ ಕಣ್ಣು ಮತ್ತೆ ಮತ್ತೆ ಎಳೆಯಿತು. ಮಂತ್ರ ಅರ್ಧಕ್ಕೆ ನಿಂತಿತು. ಮೊದಲಿನಿಂದ ಹಿಡಿದರು, ಮತ್ತೆ ಅಲ್ಲೇ ತಪ್ಪಿತು. ಎದುರಿಗೆ ಕೂತ ನಮಗೆ ಸಂಕಟವಾಗಿ ತಲೆ ತಗ್ಗಿಸಿದೆವು.

ಅಜ್ಜನವರು ಲಿಂಗವನ್ನು ಕಣ್ಣಿಗೊತ್ತಿಕೊಂಡು ದುಂಡಪ್ಪನ ಕಡೆ ತಿರುಗಿದರು. "ಒಂದು ರಾತ್ರಿಗೇ ನನ್ನ ಪೂಜಿ ತಪ್ಪಿತು ದುಂಡಪ್ಪಾ. ಈ ತಂಗಿ ಲಗ್ನ ಆದಾಗಿಂದ ಇಲ್ಲೇ ಮಲಗ್ಯಾಳ."

ಕಾಶವ್ವ ಬಿಸಿ ರೊಟ್ಟಿ, ಪಲ್ಯ ತಂದು ಎಡೆಮಾಡಿದಳು. ಅಜ್ಜನವರು ಮುಟ್ಟಲಿಲ್ಲ. "ನಾ ಭಿಕ್ಷಾ ಬೇಡಾಕ ಬಂದೀನಿ. ನಿಮ್ಮ ಓಣಿಯ ರಾತ್ರಿ ನನ್ನ ಜೋಳಿಗಿಗೆ ಹಾಕ್ರಿ" ಎಂದರು.

ರಾತ್ರಿ ಯಾರೂ ಮಗ್ಗ ಓಡಿಸಕೂಡದು ಎಂಬುದು ಅವರ ಅಪ್ಪಣೆ. ದುಂಡಪ್ಪ ತಡೆಯದೆ ಹೇಳಿಯೇಬಿಟ್ಟ: "ಮಗ್ಗ ನಿಂತರ ಹೊಟ್ಟಿಗೇನು ಮಾಡೂದ್ರಿ ಅಜ್ಜಾರ? ನಮಗೆಲ್ಲಾ ಈ ಸಪ್ಪಳ ರೂಢಿ ಆಗೇತ್ರಿ."

"ಕಿವಿಗೆ ರೂಢಿ ಆಗೇತಿ. ಮೈಗೆ ಆಗಿಲ್ಲ" ಎಂದರು ಅಜ್ಜನವರು.

ರೊಟ್ಟಿ ಆರಿ ತಣ್ಣಗಾಯಿತು. ಜಂಗಮರು ಉಪವಾಸ ಎದ್ದುಹೋದರೆ ಓಣಿಗೆ ಒಳ್ಳೆಯದಾದೀತೇ? ಹಿರಿಯರು ದುಂಡಪ್ಪನನ್ನು ನೋಡಿದರು, ದುಂಡಪ್ಪ ನೆಲ ನೋಡಿದ. ರಾತ್ರಿ ಪಾಳಿಯವರಿಗೆ ಹಗಲಲ್ಲೇ ಕೆಲಸ ಹಂಚಿಕೊಡುವುದು, ಒಂದು ತಿಂಗಳು ನೋಡುವುದು ಎಂದು ಕಡೆಗೆ ಎಲ್ಲರೂ ಒಪ್ಪಿದ ಮೇಲೆಯೇ ಅಜ್ಜನವರು ಪ್ರಸಾದ ಸ್ವೀಕರಿಸಿದರು. ಹೊರಡುವಾಗ ಕಾಶವ್ವನ ತಲೆಯ ಮೇಲೆ ಕೈಯಿಟ್ಟು, "ಡಾಕ್ಟರ ಕೊಟ್ಟ ಗುಳಿಗಿ ಬಿಡಬ್ಯಾಡ, ಚಹಾ ಬಿಡು. ಸಂಜಿಮುಂದ ನಮ್ಮ ಬೇವಿನ ಗಿಡದ ತನಕ ನಡಕೊಂತ ಬಾ" ಎಂದು ಹರಸಿದರು.

ಮೊದಲ ರಾತ್ರಿ ಓಣಿಯಲ್ಲಿ ಒಬ್ಬರಿಗೂ ನಿದ್ದೆ ಇಲ್ಲ. ಮಗ್ಗ ನಿಂತರೆ ಏನೋ ಕೆಟ್ಟಿತೆಂದು ಧಡಕ್ಕನೆ ಎದ್ದು ಕೂರುವುದು ನೇಕಾರರ ಅಭ್ಯಾಸ. ಮರುದಿನ ಕೆಂಗಣ್ಣು ಮಾಡಿಕೊಂಡು ಎಲ್ಲರೂ ಗೊಣಗಿದ್ದೇ ಗೊಣಗಿದ್ದು. ಕಾಶವ್ವ ಮಾತ್ರ ಸಂಜೆಯಾದರೆ ಸೆರಗು ಬಿಗಿದು ಆಶ್ರಮದ ದಾರಿ ಹಿಡಿಯುವಳು, ಬರಬರುತ್ತ ಓಣಿಯ ಹೆಂಗಸರೂ ಜೊತೆಗೂಡಿದರು.

ವಾರ ಕಳೆದಿರಬೇಕು, ತಂಗಿಯನ್ನು ಒಯ್ಯಲು ಸಿದ್ರಾಮ ಟೆಂಪೊ ಮಾಡಿಕೊಂಡು ಬಂದ. ಬಿಸಿಲು ಚುರುಕಾಗಿತ್ತು. ಓಣಿಯ ಮಗ್ಗಗಳೆಲ್ಲ ಶುರುವಾಗಿ ಬಹಳ ಹೊತ್ತಾಗಿತ್ತು, ದುಂಡಪ್ಪನ ಮನೆಯವು ಮಾತ್ರ ನಿಂತಿದ್ದವು. ಅವನೇ ಹೊಸ್ತಿಲಲ್ಲಿ ಕೂತಿದ್ದ. ಸಿದ್ರಾಮ ತಂಗಿಯನ್ನು ಕೂಗಲು ಬಾಯಿ ತೆರೆದ. ಮಗ್ಗದ ಸದ್ದಿನ ಮೇಲೆ ಒದರಿ ಒದರಿಯೇ ಮಾತಾಡಿ ಬೆಳೆದ ದುಂಡಪ್ಪ ಎದ್ದು ಬಂದು ಪಿಸುಗುಟ್ಟಿದ.

"ಮೆಲ್ಲಕ ಮಾತಾಡ್ರಿ ಸಿದ್ರಾಮಣ್ಣ. ಮಲಗ್ಯಾಳ."

"ಈ ಹೊತ್ತಿನ್ಯಾಗ?"

"ರಾತ್ರಿ ಮಲಗಿದಾಕಿ ಇನ್ನೂ ಎದ್ದಿಲ್ಲ. ಇಂಥಾ ನಿದ್ದಿ ನಾ ಅಕಿ ಮುಖದಾಗ ನೋಡೇ ಇರಲಿಲ್ಲ." ದುಂಡಪ್ಪನ ಕಣ್ಣು ತುಂಬಿ ಬಂತು. "ಹುಚ್ಚು ಅಂದಿದ್ದೆ ಅಕಿಗೆ. ಗಾಡಿ ಹೊಳ್ಳಿಸ್ರಿ. ನನ್ನ ಹೆಂಡತಿ ನನ್ನ ಮನ್ಯಾಗ ಇರ್ತಾಳ."

ಅಷ್ಟರಲ್ಲಿ ಕಾಶವ್ವ ಎಚ್ಚೆತ್ತು ಬಂದಳು. ಬಾಗಿಲಲ್ಲಿ ಅಣ್ಣನನ್ನೂ ಟೆಂಪೊವನ್ನೂ ಕಂಡು ಚೌಕಟ್ಟನ್ನು ಬಿಗಿಯಾಗಿ ಹಿಡಿದು ನಿಂತಳು. ದುಂಡಪ್ಪ ಅವಳನ್ನೊಮ್ಮೆ ನೋಡಿ, ಅಜ್ಜನವರ ಆಶ್ರಮದ ದಿಕ್ಕಿಗೆ ತಿರುಗಿ, ನಡುಬೀದಿಯ ಮಣ್ಣಿನಲ್ಲೇ ಉದ್ದಕ್ಕೂ ಅಡ್ಡಬಿದ್ದ. ಸಿದ್ರಾಮ ತಂಗಿಯ ಹತ್ತಿರ ಹೋಗಿ, "ನಿನ್ನನ್ನ ಕರಿಯಾಕ ಅಲ್ಲವ್ವ, ನೋಡಾಕ ಬಂದೀನಿ" ಎಂದ.

ಕ್ರಮೇಣ ಅವಳ ಸಕ್ಕರೆಯೂ ಬಿಪಿಯೂ ಹತೋಟಿಗೆ ಬಂದವು, ಮಕ್ಕಳಿಗೆ ತಾಯಿ ಮರಳಿ ಸಿಕ್ಕಳು. ಅಜ್ಜನವರು ಲಿಂಗೈಕ್ಯರಾಗಿ ಎಷ್ಟೋ ವರ್ಷಗಳಾದವು. ಒಂದು ತಿಂಗಳಿಗೆಂದು ಅವರ ಜೋಳಿಗೆಗೆ ಹಾಕಿದ ಆ ರಾತ್ರಿಯನ್ನು ನಮ್ಮ ಓಣಿ ಇನ್ನೂ ಹಿಂದಕ್ಕೆ ಕೇಳಿಲ್ಲ.